‘ಸ್ಟೇಟ್‌ಲೆಸ್’ಗೆ ‘ಸ್ಥಿತಿರಹಿತ’ ಅಂದ್ರೆ ಸಾಕಾ?

ಎಲ್ಲರಿಗೂ ನಮಸ್ಕಾರ.

ಕ್ಲೌಡ್ ನೇಟಿವ್ ಸಾಫ್ಟ್‌ವೇರ್ (ಕ್ಲೌಡ್‌ನಲ್ಲಿ ಓಡಲೆಂದೇ ಕಟ್ಟಿದ್ದು) ಬಗ್ಗೆ ಕಾಲೇಜು ಹುಡುಗರಿಗಾಗಿ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಕಂಟೇನರ್ (ಪ್ರೋಗ್ರಾಂ ಕಟ್ಟಿಟ್ಟ ಪೊಟ್ಟಣ), ಪಾಡ್ (ಕಂಟೇನರ್ ಓಡುವ ಚಿಕ್ಕ ಘಟಕ), ಕ್ಲಸ್ಟರ್ (ಒಟ್ಟಿಗೆ ದುಡಿಯುವ ಕಂಪ್ಯೂಟರ್‌ಗಳ ಗುಂಪು) ಎಲ್ಲವನ್ನೂ ಹಾಗೇ ಇಟ್ಟುಕೊಂಡಿದ್ದೇನೆ, ಅದರಲ್ಲಿ ತಕರಾರಿಲ್ಲ. ಸಿಕ್ಕಿಕೊಂಡಿರುವುದು ‘ಸ್ಟೇಟ್‌ಲೆಸ್’ ಹತ್ತಿರ. ಅಂದರೆ ಹಿಂದಿನ ಕೋರಿಕೆಯ ನೆನಪನ್ನು ತನ್ನೊಳಗೆ ಇಟ್ಟುಕೊಳ್ಳದ ಪ್ರೋಗ್ರಾಂ. ಅದು ಅರ್ಥವಾಗದಿದ್ದರೆ ಮುಂದಿನದೇನೂ ತಲೆಗೆ ಹೋಗುವುದಿಲ್ಲ.

2011ರಲ್ಲಿ, ಕ್ಲೌಡ್‌ನಲ್ಲಿ ಆ್ಯಪ್ ಓಡಿಸಿಕೊಡುವ ಹೆರೋಕು ಕಂಪನಿಯವರು ‘ಟ್ವೆಲ್ವ್ ಫ್ಯಾಕ್ಟರ್ ಆ್ಯಪ್’ ಅಂತ ಹನ್ನೆರಡು ಸೂತ್ರಗಳನ್ನು ಬರೆದರಲ್ಲ, ಅದರಲ್ಲಿ ಆರನೆಯದು ಇದೇ. ಒಂದು ಅಂಗಡಿ ಆ್ಯಪ್‌ಗೆ ಮೂರು ಪಾಡ್, ಅಂದರೆ ಅದೇ ಆ್ಯಪ್‌ನ ಮೂರು ಪ್ರತಿ, ಓಡುತ್ತಿವೆ ಅನ್ನಿ. ನೀವು ಬುಟ್ಟಿಗೆ ಒಂದು ಸೀರೆ ಹಾಕಿದಿರಿ. ಮೊದಲ ಪಾಡ್ ಅದನ್ನು ತನ್ನ ಮೆಮೊರಿಯಲ್ಲೇ ಇಟ್ಟುಕೊಂಡಿತು. ಮುಂದಿನ ಕ್ಲಿಕ್ಕನ್ನು, ಕೋರಿಕೆಗಳನ್ನು ಪಾಡ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಎರಡನೆಯ ಪಾಡ್‌ಗೆ ಕಳಿಸಿತು. ಬುಟ್ಟಿ ಖಾಲಿ! ಅದಕ್ಕೇ ಬುಟ್ಟಿಯನ್ನು ರೆಡಿಸ್‌ನಂಥ ಹೊರಗಿನ ಡೇಟಾ ಉಗ್ರಾಣದಲ್ಲೋ ಡೇಟಾಬೇಸ್‌ನಲ್ಲೋ ಇಡಬೇಕು, ಪಾಡ್ ಒಳಗೆ ಏನೂ ಉಳಿಯಬಾರದು. ಯಾಕಂದ್ರೆ ಪಾಡ್ ಯಾವಾಗ ಬೇಕಾದರೂ ಹೋಗಬಹುದು. ಪಾಡ್‌ಗಳನ್ನು ನಡೆಸುವ ಸಾಫ್ಟ್‌ವೇರ್ ಆದ ಕುಬರ್ನೆಟೀಸ್, ಪಾಡ್ ತೆಗೆಯುವಾಗ ಮೊದಲು ‘ಮುಗಿಸಿಕೋ’ ಅಂತ ಸಿಗ್ನಲ್ ಕೊಡುತ್ತದೆ. ನಾವು ಬೇರೆ ಹೇಳದಿದ್ದರೆ 30 ಸೆಕೆಂಡ್ ಕಾಯುತ್ತದೆ. ಆಮೇಲೆ ಮುಲಾಜಿಲ್ಲದೆ ಕೊಲ್ಲುತ್ತದೆ.

ಈಗ ಪದಕ್ಕೆ ಬರೋಣ. ‘ಸ್ಥಿತಿರಹಿತ’ ಓದಿದರೆ ಈ ಬುಟ್ಟಿ ಕಥೆ ಹೊಳೆಯುತ್ತದಾ? ನನಗಂತೂ ಇಲ್ಲ. ‘ಸ್ಥಿತಿಹೀನ’ ಅಂದರೆ ಯಾರೋ ಕಷ್ಟಕ್ಕೆ ಬಿದ್ದ ಹಾಗಿದೆ. ಅದರ ಎದುರು ಪದವಾಗಿ ‘ಸ್ಥಿತಿವಂತ’ ಅಂದುಬಿಟ್ಟರೆ ಮುಗೀತು, ಸರ್ವಿಸ್‌ಗೆ ನಾಲ್ಕು ಎಕರೆ ತೋಟ ಇದೆ ಅಂದುಕೊಳ್ಳುತ್ತಾರೆ!

ತೊಡಕು ಇನ್ನೊಂದು ಕಡೆ ಇದೆ. ಕುಬರ್ನೆಟೀಸ್‌ನಲ್ಲಿ ‘ಡಿಸೈರ್ಡ್ ಸ್ಟೇಟ್’ ಅನ್ನುವುದೂ ಇದೆ. ಮೂರು ಪಾಡ್ ಇರಬೇಕು ಅಂತ ಬರೆದುಕೊಟ್ಟರೆ, ಒಂದು ಬಿದ್ದಾಗ ಕುಬರ್ನೆಟೀಸೇ ಲೆಕ್ಕ ನೋಡಿ ಇನ್ನೊಂದನ್ನು ಎಬ್ಬಿಸುತ್ತದೆ. ಇಲ್ಲಿ ‘ಬಯಸಿದ ಸ್ಥಿತಿ’ ಚೆನ್ನಾಗಿ ಕೂರುತ್ತದೆ. ಇಲ್ಲಿ ಸ್ಟೇಟ್ ಅಂದರೆ ವ್ಯವಸ್ಥೆ ಹೇಗಿದೆ ಅನ್ನುವುದು. ಸ್ಟೇಟ್‌ಲೆಸ್‌ನಲ್ಲಿ ಅದು ಹಿಂದಿನ ಕೋರಿಕೆಯ ನೆನಪು. ಇಂಗ್ಲಿಷ್ ಎರಡಕ್ಕೂ ಒಂದೇ ಪದ ಇಟ್ಟುಕೊಂಡಿದೆ ಅಂತ ನಾವೂ ಹಾಗೇ ಮಾಡಬೇಕಾ? ನನ್ನ ಒಲವು ಎರಡು ಪದಗಳ ಕಡೆಗೆ.

ಮೊದಲು ‘ಮರೆಗುಳಿ’ ಹೊಳೆಯಿತು. ಕೇಳಲು ಸೊಗಸು, ಆದರೆ ಮರೆಗುಳಿತನ ಒಂದು ದೋಷ. ಇಲ್ಲಿ ಬೇಕೆಂದೇ ನೆನಪಿಡುತ್ತಿಲ್ಲ, ಅಲ್ವಾ? ಸದ್ಯಕ್ಕೆ ‘ನೆನಪಿಡದ ಸರ್ವಿಸ್’, ‘ನೆನಪಿಡುವ ಸರ್ವಿಸ್’ ಅಂತ ಬರೆದಿದ್ದೇನೆ.

ಆದರೆ ‘ಸ್ಟೇಟ್‌ಫುಲ್‌ಸೆಟ್’ ಬಂದ ಕೂಡಲೇ ಇದೂ ಕೈಕೊಡುತ್ತದೆ. ಅದು ನೆನಪಿಡುವ ಪಾಡ್‌ಗಳ ಗುಂಪನ್ನು ನಡೆಸಲು ಕುಬರ್ನೆಟೀಸ್‌ನಲ್ಲಿರುವ ಏರ್ಪಾಡು. ಅಲ್ಲಿ ಪಾಡ್‌ಗಳಿಗೆ ಡಿಬಿ-0, ಡಿಬಿ-1 ಅಂತ ಖಾಯಂ ಹೆಸರು. ಡಿಬಿ-1 ಸತ್ತರೆ ಅದೇ ಹೆಸರಲ್ಲಿ ಹೊಸ ಪಾಡ್ ಬಂದು ಅದೇ ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಇದರಲ್ಲಿ ನೆನಪಿನ ಜೊತೆ ಗುರುತೂ ಸೇರಿದೆ. ಇದಕ್ಕೆ ‘ಗುರುತುಳ್ಳ ಗುಂಪು’ ಅನ್ನಬಹುದಾ? ಅಥವಾ ಅದು ಕುಬರ್ನೆಟೀಸ್‌ನದೇ ಹೆಸರು, ಸುಮ್ನೆ ಹಾಗೇ ಬಿಡಬೇಕಾ?

ಕೆಲಸದಲ್ಲಿ ಇದನ್ನು ದಿನವೂ ಬಳಸುವವರು ಏನಂತೀರಿ? ‘ನೆನಪಿಡದ’ ಅನ್ನುವುದು ಕಂಪ್ಯೂಟರ್ ಗೊತ್ತಿಲ್ಲದವರಿಗೂ ಹತ್ತುತ್ತದಾ ಅಂತ ಭಾಷೆಯವರೂ ಹೇಳಿದರೆ ಉಪಕಾರ.