ಸ್ವಾಕೊಪ್‌ಮುಂಡ್‌ಗೆ ಒಂದು ರಾತ್ರಿ ಸಾಕಾ? ಹೋಗಿ ಬಂದವರು ಹೇಳಿ

ಪ್ರಶ್ನೆ:

ಆಗಸ್ಟ್‌ನಲ್ಲಿ ಹನ್ನೊಂದು ದಿನ ನಮೀಬಿಯಾಕ್ಕೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಅಮ್ಮ. ಅಮ್ಮನಿಗೆ 66, ಮಂಡಿ ನೋವಿದೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಟ್ರಾವೆಲ್ಸ್‌ನವರು ಕೊಟ್ಟ ಪ್ಲಾನ್‌ನಲ್ಲಿ ಸೋಸಸ್‌ಫ್ಲೇ ಮರಳುಗುಡ್ಡ ನೋಡಿ, ಸ್ವಾಕೊಪ್‌ಮುಂಡ್‌ನಲ್ಲಿ ಒಂದೇ ರಾತ್ರಿ ಮಲಗಿ, ಮಾರನೇ ಬೆಳಿಗ್ಗೆ ಎತೋಶಾ ಕಾಡಿಗೆ ಹೋಗುವುದು ಅಂತ ಇದೆ. ಸಮುದ್ರದ ಊರು, ಮರುಭೂಮಿಯ ಊರು, ಎರಡೂ ಒಂದೇ ಕಡೆ ಅಂತಾರೆ. ಒಂದು ರಾತ್ರಿ ಸಾಕಾ? ಕಾರು ನಾವೇ ಓಡಿಸಬಹುದಾ? ಅಮ್ಮನ ಊಟಕ್ಕೆ ಏನು ಮಾಡುವುದು? ಹತ್ತಿ ಸೀರೆ ಸಾಕಾ ಅಂತ ಅಮ್ಮ ಕೇಳುತ್ತಿದ್ದಾರೆ.

ಒಂದನೇ ಉತ್ತರ (ಜೋಹಾನ್ಸ್‌ಬರ್ಗ್‌ನಲ್ಲಿ ಇರುವವನು, ಎರಡು ಸಲ ಹೋಗಿದ್ದೇನೆ):

ಮೊದಲು ಸೀರೆ ವಿಷಯ. ಹತ್ತಿ ಸೀರೆ ಸಾಲದು. ಸ್ವೆಟರ್, ಶಾಲು, ಕಿವಿ ಮುಚ್ಚುವ ಟೋಪಿ, ಕಾಲಿಗೆ ಸಾಕ್ಸ್, ಎಲ್ಲ ಬೇಕು. ಮರುಭೂಮಿ ಅಂದ ತಕ್ಷಣ ನಮಗೆ ರಾಜಸ್ಥಾನ ನೆನಪಾಗುತ್ತದೆ, ನಾನೂ ಮೊದಲ ಸಲ ಅರ್ಧ ತೋಳಿನ ಅಂಗಿ ತುಂಬಿಕೊಂಡು ಹೋಗಿ ಅಲ್ಲೇ ದುಬಾರಿ ಜಾಕೆಟ್ ಕೊಂಡೆ. ಆ ಕರಾವಳಿಯ ಪಕ್ಕ ಬೆಂಗ್ವೇಲಾ ಅನ್ನುವ ತಣ್ಣನೆಯ ಪ್ರವಾಹ ಹರಿಯುತ್ತದೆ. ಅದರ ಮೇಲೆ ಬರುವ ತೇವದ ಗಾಳಿ ತಣ್ಣಗಾಗಿ ಮಂಜಾಗುತ್ತದೆಯೇ ಹೊರತು ಮಳೆಯಾಗುವುದಿಲ್ಲ. ವರ್ಷಕ್ಕೆ 20 ಮಿ.ಮೀ. ಮಳೆಯೂ ಇಲ್ಲ, ಅಂದರೆ ಆಗುಂಬೆಯಲ್ಲಿ ಒಂದು ಗಂಟೆಯಲ್ಲಿ ಬೀಳುವಷ್ಟೂ ಇಲ್ಲ. ಆದರೆ ಬೆಳಿಗ್ಗೆ ಎದ್ದರೆ ಕಾರಿನ ಗಾಜೆಲ್ಲ ಒದ್ದೆ, ಎದುರಿನ ಮನೆ ಕಾಣಿಸುವುದಿಲ್ಲ. ಎಷ್ಟೋ ದಿನ ಹತ್ತು ಹನ್ನೊಂದು ಗಂಟೆಯವರೆಗೂ ಹೀಗೇ.

ನಿಮ್ಮ ಪ್ಲಾನ್‌ನಲ್ಲಿ ತಪ್ಪಿರುವುದು ಇಲ್ಲೇ. ಸೋಸಸ್‌ಫ್ಲೇ ಕಡೆಯಿಂದ ಸುಮಾರು 350 ಕಿ.ಮೀ., ಅದರಲ್ಲಿ ಹೆಚ್ಚಿನದು ಜಲ್ಲಿ ರಸ್ತೆ. ಬೆಳಿಗ್ಗೆ ಗುಡ್ಡ ನೋಡಿ ಹೊರಟರೆ ಸ್ವಾಕೊಪ್‌ಮುಂಡ್ ಮುಟ್ಟುವಾಗ ಸಂಜೆ, ಎಲ್ಲರಿಗೂ ಸುಸ್ತು. ಮಾರನೇ ಬೆಳಿಗ್ಗೆ ಮಂಜು. ಮಂಜಲ್ಲೇ ಎದ್ದು ಎತೋಶಾ ದಾರಿ ಹಿಡಿದರೆ ನೀವು ನೋಡಿದ್ದು ಲಾಡ್ಜ್‌ನ ಹಾಸಿಗೆ ಮಾತ್ರ. ಮೂರು ರಾತ್ರಿ ಇರಿ. ಎತೋಶಾದಲ್ಲಿ ಒಂದು ರಾತ್ರಿ ಕಡಿಮೆ ಮಾಡಿದರೂ ಪರವಾಗಿಲ್ಲ ಅನ್ನುವವನು ನಾನು. ಇದಕ್ಕೆ ಬೈಯುವವರೂ ಇದ್ದಾರೆ, ಗೊತ್ತು.

ಮಂಜು ಇದ್ದಾಗ ಮಾಡಬೇಕಾದ ಕೆಲಸವೇ ಬೇರೆ. ಊರ ಪಕ್ಕದ ಮರಳುಗುಡ್ಡಗಳಿಗೆ ಗೈಡ್‌ಗಳು ಜೀಪಿನಲ್ಲಿ ಕರೆದುಕೊಂಡು ಹೋಗಿ ಸಣ್ಣ ಪ್ರಾಣಿಗಳನ್ನು ತೋರಿಸುತ್ತಾರೆ, ಅರ್ಧ ದಿನದ ಕೆಲಸ. ಒದ್ದೆ ಮರಳಲ್ಲಿ ಹೆಜ್ಜೆ ಗುರುತು ಚೆನ್ನಾಗಿ ಕಾಣುತ್ತದೆ. ಮೈಯೆಲ್ಲ ಗಾಜಿನ ಹಾಗಿರುವ ಹಲ್ಲಿ, ಅಡ್ಡಡ್ಡ ಸರಿಯುವ ಹಾವು, ಮರ ಬಿಟ್ಟು ನೆಲದ ಮೇಲೇ ಬದುಕುವ ಊಸರವಳ್ಳಿ. ಒಂದು ಜೀರುಂಡೆಯಂತೂ ಗುಡ್ಡದ ತುದಿಯಲ್ಲಿ ತಲೆ ಕೆಳಗೆ ಮಾಡಿ, ಹಿಂಭಾಗ ಎತ್ತಿ ನಿಲ್ಲುತ್ತದೆ. ಬೆನ್ನ ಮೇಲೆ ಕೂತ ಮಂಜು ಹನಿಯಾಗಿ ಜಾರಿ ನೇರ ಬಾಯಿಗೆ ಬರುತ್ತದೆ! ಎರಡು ಸಲದ ಪ್ರವಾಸದಲ್ಲಿ ನನಗೆ ಜಾಸ್ತಿ ನೆನಪಿರುವುದು ಸಿಂಹ ಅಲ್ಲ, ಈ ಹುಳ. ಅಮ್ಮ ಜೀಪಲ್ಲೇ ಕೂತಿರಬಹುದು, ಎಷ್ಟೋ ಪ್ರಾಣಿಗಳನ್ನು ಪಕ್ಕದಲ್ಲೇ ತೋರಿಸುತ್ತಾರೆ.

ಇನ್ನೊಂದು ದಿನ ವೆಲ್ವಿಚಿಯಾ ಗಿಡ ನೋಡಲು ಒಳನಾಡಿನ ಕಡೆಗೆ ಹೋಗಿ. ಸ್ವಲ್ಪ ಒಳಗೆ ಹೋದರೆ ಸಾಮಾನ್ಯವಾಗಿ ಮಂಜು ಬಿಟ್ಟು ಬಿಸಿಲು ಬರುತ್ತದೆ. ಈ ಗಿಡಕ್ಕೆ ಇಡೀ ಆಯುಷ್ಯಕ್ಕೆ ಎರಡೇ ಎಲೆ. ಗಾಳಿಗೆ ಹರಿದು ಹರಿದು ಚಿಂದಿ ಬಟ್ಟೆಯ ರಾಶಿ ಥರ ಕಾಣುತ್ತದೆ. ಕೆಲವಕ್ಕೆ ಸಾವಿರ ವರ್ಷ ದಾಟಿದೆ. ದಾರಿಯಲ್ಲಿ ಚಂದ್ರನ ನೆಲದಂಥ ಬೋಳು ಕಣಿವೆಯೂ ಸಿಗುತ್ತದೆ. ಅದು ನ್ಯಾಷನಲ್ ಪಾರ್ಕ್ ಜಾಗ, ಪರ್ಮಿಟ್ ಬೇಕು, ಊರಲ್ಲೇ ಇರುವ ಪಾರ್ಕ್ ಆಫೀಸಿನಲ್ಲಿ ಕೊಡುತ್ತಾರೆ.

ಮೂರನೇದು ವಾಲ್ವಿಸ್ ಬೇ, ದಕ್ಷಿಣಕ್ಕೆ ಮೂವತ್ತು ಚಿಲ್ಲರೆ ಕಿ.ಮೀ. ಅಲ್ಲಿನ ಹಿನ್ನೀರಿನಲ್ಲಿ ಫ್ಲೆಮಿಂಗೊ ಹಿಂಡು ರಸ್ತೆ ಪಕ್ಕದಲ್ಲೇ ನಿಂತಿರುತ್ತದೆ, ಮಂಡಿ ನೋವಿನವರಿಗೆ ಇದಕ್ಕಿಂತ ಸುಲಭದ್ದು ಬೇರೆ ಇಲ್ಲ. ಪ್ರವಾಸಿಗರನ್ನು ಸುತ್ತಾಡಿಸುವ ಬೋಟು ಬೆಳಿಗ್ಗೆಯೇ ಹೋಗುತ್ತದೆ, ಮಧ್ಯಾಹ್ನದ ಮೇಲೆ ಗಾಳಿ ಜೋರು. ಮರಳುಗುಡ್ಡ ನೇರ ಸಮುದ್ರಕ್ಕೆ ಇಳಿಯುವ ಸ್ಯಾಂಡ್‌ವಿಚ್ ಹಾರ್ಬರ್‌ಗೆ ಮಾತ್ರ ಅಮ್ಮನನ್ನು ಕರೆದುಕೊಂಡು ಹೋಗುವ ಮೊದಲು ಯೋಚಿಸಿ. ಜೀಪು ಗುಡ್ಡದ ಮೇಲಿಂದ ದಬಕ್ ಅಂತ ಇಳಿಯುತ್ತದೆ. ನಮ್ಮತ್ತೆ ಇಡೀ ದಾರಿ ರಾಮ ರಾಮ ಅನ್ನುತ್ತಿದ್ದರು.

ಸಮುದ್ರಸ್ನಾನದ ಆಸೆ ಇದ್ದರೆ ಬಿಟ್ಟುಬಿಡಿ. ಕಾಲಿಟ್ಟರೆ ಐಸು.

ಎರಡನೇ ಉತ್ತರ (ಸಸ್ಯಾಹಾರಿ, ಹುಬ್ಬಳ್ಳಿಯಿಂದ):

ಊಟದ ವಿಷಯ ನಾನು ಹೇಳುತ್ತೇನೆ, ಯಾಕಂದರೆ ಅನುಭವಿಸಿದ್ದು ನಾನು. ಅದು ಮಾಂಸದ ದೇಶ. ಸಮುದ್ರದೊಳಕ್ಕೆ ಚಾಚಿದ ಜೆಟ್ಟಿಯ ತುದಿಯಲ್ಲಿ ಕೂತು ಜನ ಮೀನು, ಸಿಂಪಿ ತಿನ್ನುತ್ತಿದ್ದರೆ ನಾನು ಹುರಿದ ಆಲೂಗಡ್ಡೆ ತಿನ್ನುತ್ತಿದ್ದೆ. "ವೆಜಿಟೇರಿಯನ್" ಅಂದರೆ ಕೆಲವರು ಮೀನು ಪರವಾಗಿಲ್ಲ ಅಂದುಕೊಳ್ಳುತ್ತಾರೆ. ಮೀನಿಲ್ಲ, ಕೋಳಿ ಇಲ್ಲ, ಮೊಟ್ಟೆ ಇಲ್ಲ ಅಂತ ಒಂದೊಂದೇ ಹೆಸರು ಹಿಡಿದು ಹೇಳಿ.

ಲಾಡ್ಜ್ ಬಿಟ್ಟು ಅಡುಗೆಮನೆ ಇರುವ ಫ್ಲಾಟ್ ತಗೊಳ್ಳಿ, ಅಲ್ಲಿ ಬೇಕಾದಷ್ಟು ಸಿಗುತ್ತವೆ. ಸೂಪರ್ ಮಾರ್ಕೆಟ್‌ನಲ್ಲಿ ಅಕ್ಕಿ, ಮೊಸರು, ತರಕಾರಿ ಎಲ್ಲ ಇದೆ. ನಾನು ಅವಲಕ್ಕಿ, ಪುಳಿಯೋಗರೆ ಗೊಜ್ಜು, ಶೇಂಗಾ ಚಟ್ನಿಪುಡಿ ಒಯ್ದಿದ್ದೆ. ಮನೆ ಡಬ್ಬಿ ಬೇಡ, ಸೀಲ್ ಆದ ಪ್ಯಾಕೆಟ್ ಒಯ್ಯಿರಿ, ಕಸ್ಟಮ್ಸ್‌ನಲ್ಲಿ ತಲೆನೋವು ಇರುವುದಿಲ್ಲ. ಜರ್ಮನ್ ಬೇಕರಿಗಳ ಬ್ರೆಡ್ಡು ಬಹಳ ಚೆನ್ನಾಗಿದೆ, ಕೇಕಿಗೆ ಮಾತ್ರ ಮೊಟ್ಟೆ ಇರುತ್ತದೆ. ಇನ್ನೊಂದು, ಅಲ್ಲಿನವರು ಮೆಕ್ಕೆಜೋಳದ ಹಿಟ್ಟಿನಲ್ಲಿ ಪಾಪ್ ಅಂತ ಮಾಡುತ್ತಾರೆ, ಥೇಟ್ ನಮ್ಮ ಮುದ್ದೆ. ಉತ್ತರದ ಕಡೆ ಜನ ಮಹಾಂಗು ಅನ್ನುವುದು ನಮ್ಮ ಸಜ್ಜೆಯೇ! ಸೊಪ್ಪಿನ ಪಲ್ಯದ ಜೊತೆ ಕೊಟ್ಟರೆ ಅಮ್ಮ ಖುಷಿಯಿಂದ ತಿಂದಾರು. ಪಲ್ಯಕ್ಕೆ ಮಾಂಸ ಸೇರಿಸಿಲ್ಲ ತಾನೇ ಅಂತ ಕೇಳಿಕೊಳ್ಳಿ.

ಮೂರನೇ ಉತ್ತರ:

ಕಾರು ನೀವೇ ಓಡಿಸಬಹುದು. ಎಡಗಡೆ ಸಂಚಾರ, ನಮ್ಮ ಹಾಗೇ. ಇಂಟರ್‌ನ್ಯಾಷನಲ್ ಪರ್ಮಿಟ್ ಆರ್‌ಟಿಒದಲ್ಲಿ ಮಾಡಿಸಿಕೊಳ್ಳಿ. ರಾಜಧಾನಿ ವಿಂಡ್‌ಹುಕ್‌ನಿಂದ ಒಕಹಾಂಜಾವರೆಗೆ ಬಿ1, ಅಲ್ಲಿಂದ ಬಿ2 ರಸ್ತೆ, ಪೂರ್ತಿ ಡಾಂಬರು, ಸುಮಾರು 350 ಕಿ.ಮೀ., ನಾಲ್ಕು ಗಂಟೆ. ತೊಂದರೆ ಇರುವುದು ಜಲ್ಲಿ ರಸ್ತೆಗಳಲ್ಲಿ. ನೋಡಲು ನುಣ್ಣಗಿರುತ್ತದೆ, ಸ್ಪೀಡ್ ಏರಿದ್ದೇ ಗೊತ್ತಾಗುವುದಿಲ್ಲ, ತಿರುವಲ್ಲಿ ಕಾರು ಪಕ್ಕಕ್ಕೆ ಜಾರುತ್ತದೆ. 80 ದಾಟಬೇಡಿ. ಕತ್ತಲಾದ ಮೇಲೆ ಬೇಡವೇ ಬೇಡ, ಪ್ರಾಣಿಗಳು ಅಡ್ಡ ಬರುತ್ತವೆ.

ನಮಗೆ ಸೋಸಸ್‌ಫ್ಲೇ ದಾರಿಯಲ್ಲಿ ಸಾಲಿಟೇರ್ ಅನ್ನುವ ಪುಟ್ಟ ಊರು ದಾಟಿದ ಮೇಲೆ ಟೈರ್ ಹರಿಯಿತು. ಸ್ಟೆಪ್ನಿ ತೆಗೆದರೆ ಅದರಲ್ಲಿ ಗಾಳಿಯೇ ಇಲ್ಲ. ಬಾಡಿಗೆಗೆ ಕೊಟ್ಟವರು ಸೈನ್ ಹಾಕಿಸಿಕೊಳ್ಳುವಾಗ ತೋರಿಸಿರಲಿಲ್ಲ, ನಾವೂ ನೋಡಿರಲಿಲ್ಲ. ಮೊಬೈಲ್ ಸಿಗ್ನಲ್ ಇಲ್ಲ. ಎರಡು ಗಂಟೆ ಕಾದ ಮೇಲೆ ಒಬ್ಬ ರೈತ ಪಿಕಪ್ ನಿಲ್ಲಿಸಿ, ತನ್ನ ಪಂಪಿನಿಂದ ಗಾಳಿ ಹಾಕಿಕೊಟ್ಟ. ದುಡ್ಡು ಬೇಡ ಅಂದ. ಆಮೇಲೆ ಬಾಡಿಗೆಯವರು ಟೈರ್ ಇನ್ಶೂರೆನ್ಸ್‌ನಲ್ಲಿ ಬರುವುದಿಲ್ಲ ಅಂತ ಪೂರ್ತಿ ದುಡ್ಡು ಹಿಡಿದುಕೊಂಡರು. ಹಾಗಾಗಿ ಕಾರು ತಗೊಳ್ಳುವಾಗಲೇ ಎರಡು ಸ್ಟೆಪ್ನಿ ಕೇಳಿ, ಕೈಯಿಂದ ಒತ್ತಿ ನೋಡಿ, ಜಾಕು ಇದೆಯಾ ನೋಡಿ, ಟೈರ್ ಮತ್ತು ಗಾಜಿಗೆ ಇನ್ಶೂರೆನ್ಸ್ ಸೇರಿದೆಯಾ ಅಂತ ಕಾಗದದಲ್ಲೇ ಓದಿ. ನೀರು ಒಬ್ಬರಿಗೆ ಐದು ಲೀಟರ್ ಇರಲಿ.

ಉತ್ತರಕ್ಕೆ ಕೇಪ್ ಕ್ರಾಸ್ ಅಂತ ಇದೆ, 120 ಕಿ.ಮೀ. ಆಸುಪಾಸು. ಸೀಲ್ ಅನ್ನುವ ಕಡಲಪ್ರಾಣಿಗಳು ಸಾವಿರಾರು, ಬಂಡೆ ತುಂಬ ಬಿದ್ದಿರುತ್ತವೆ. ನೋಡಲೇಬೇಕು, ಆದರೆ ವಾಸನೆ ಹೇಗಿದೆ ಅಂದರೆ ಮಲ್ಪೆ ಬಂದರಿನ ಮೀನು ಸಂತೆ ಇದರ ಮುಂದೆ ಮಲ್ಲಿಗೆ ತೋಟ. ಅಮ್ಮನಿಗೆ ಹೇಳಿಯೇ ಕರೆದುಕೊಂಡು ಹೋಗಿ. ಆ ಕಡೆ ಉಪ್ಪುನೀರು ಹಾಕಿ ಗಟ್ಟಿ ಮಾಡಿದ ರಸ್ತೆ ಇದೆ, ಒಣಗಿದ್ದಾಗ ಡಾಂಬರಿನಂತೆ, ಮಂಜಿಗೆ ಒದ್ದೆಯಾದರೆ ಸೋಪು. ದಾರಿಯಲ್ಲಿ ಹೆಂಟಿಸ್ ಬೇ ಅನ್ನುವ ಊರು ಮುಟ್ಟುವ ಮೊದಲು ದಡದಲ್ಲಿ ಜೈಲಾ ಅನ್ನುವ ಹಡಗು ಸಿಕ್ಕಿಕೊಂಡು ನಿಂತಿದೆ. ಗುಜರಿಗೆ ಅಂತ ಭಾರತದ ಕಂಪನಿಗೆ ಮಾರಿದ್ದ ಹಡಗು ಅದು. ಮುಂಬೈಗೆ ಎಳೆದುಕೊಂಡು ಹೊರಟಾಗ 2008ರಲ್ಲಿ ಹಗ್ಗ ಕಿತ್ತು ಅಲ್ಲೇ ಉಳಿಯಿತು. ಈಗ ನೀರುಕಾಗೆಗಳ ಮನೆ.

ನಾಲ್ಕನೇ ಉತ್ತರ:

ಎಲ್ಲರೂ ಮರಳು, ಹುಳ, ಸೀಲ್ ಹೇಳಿದಿರಿ. ಊರು ಸುತ್ತಲು ಅರ್ಧ ದಿನ ಇಡಿ. ನಮೀಬಿಯಾ ಜರ್ಮನ್ನರ ವಸಾಹತಾಗಿದ್ದಾಗ, 1892ರಲ್ಲಿ, ಅವರು ಬಂದರಿಗಾಗಿ ಕಟ್ಟಿದ ಊರು ಇದು. 1901ರ ರೈಲ್ವೆ ಸ್ಟೇಷನ್ ಈಗ ಹೋಟೆಲ್ ಆಗಿದೆ. ಕೆಂಪು ಬಿಳಿ ಪಟ್ಟಿಯ ಲೈಟ್‌ಹೌಸ್, ಪಕ್ಕದಲ್ಲೇ ಮ್ಯೂಸಿಯಂ. ಕಬ್ಬಿಣದ ಜೆಟ್ಟಿ 1912ರಲ್ಲಿ ಶುರುವಾಗಿ ಮೊದಲ ಮಹಾಯುದ್ಧ ಬಂದು ಅರ್ಧಕ್ಕೆ ನಿಂತಿತು. ಮಂಜಲ್ಲಿ ಜೆಟ್ಟಿ ಮೇಲೆ ನಡೆಯುವುದೇ ಚೆಂದ, ಅಮ್ಮನಿಗೂ ಆಗುತ್ತದೆ, ಸಮತಟ್ಟಾಗಿದೆ.

ಅಂದ ಹಾಗೆ ಹೆಸರಿನ "ಸ್ವಾಕೊಪ್" ಅಲ್ಲಿನ ನಾಮಾ ಜನರ ಭಾಷೆಯ ಮಾತು. ನದಿ ಕೆಸರು ಕಕ್ಕುತ್ತಾ ಬರುವುದನ್ನು ನೋಡಿ ಮಲದ್ವಾರ ಅನ್ನುವ ಅರ್ಥದಲ್ಲಿ ಇಟ್ಟ ಹೆಸರಂತೆ. ಗೈಡ್ ನಗದೇ ಹೇಳಿದ.

ಆದರೆ ಚೆಂದದ ಕಟ್ಟಡ ನೋಡಿ ಯುರೋಪಿನ ಹಾಗಿದೆ ಅಂತ ಫೋಟೊ ಹಾಕಿ ಬರಬೇಡಿ. ಊರ ಸ್ಮಶಾನಕ್ಕೂ ಹೋಗಿ. ಗೋರಿಕಲ್ಲುಗಳ ಆಚೆ, ನದಿ ಕಡೆಗೆ, ಹೆಸರಿಲ್ಲದ ಮರಳುದಿಬ್ಬಗಳ ಸಾಲು ಇದೆ. 1904ರಿಂದ 1908ರವರೆಗೆ ಹೆರೆರೊ ಮತ್ತು ನಾಮಾ ಜನರನ್ನು ಜರ್ಮನ್ ಸೈನ್ಯ ಕೊಂದಿತಲ್ಲ, ಆಗ ಈ ಊರಲ್ಲೂ ಸೆರೆ ಶಿಬಿರ ಇತ್ತು. ಚಳಿ, ಹಸಿವು, ದುಡಿತದಿಂದ ಸತ್ತವರ ದಿಬ್ಬಗಳು ಅವು. 2007ರಲ್ಲಿ ಒಂದು ಸ್ಮಾರಕ ಕಲ್ಲು ನಿಲ್ಲಿಸಿದ್ದಾರೆ. ಜರ್ಮನ್ ಸರ್ಕಾರ ಇದನ್ನು ನರಮೇಧ ಅಂತ ಅಧಿಕೃತವಾಗಿ ಹೇಳಿದ್ದು 2021ರಲ್ಲಿ. ನಾನು ಹೋದಾಗ ನಾನೊಬ್ಬನೇ ಇದ್ದೆ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ರಾತ್ರಿ ಮಾಡಿಸಿದೆ, ಟ್ರಾವೆಲ್ಸ್‌ನವರು ಗೊಣಗಿದರು. ಫ್ಲಾಟ್ ಕೂಡ ನೋಡುತ್ತಿದ್ದೇವೆ. ಟಿಕೆಟ್ ಅಡಿಸ್ ಅಬಾಬಾ ಮೂಲಕ ಕಡಿಮೆಗೆ ಸಿಗುತ್ತಿದೆ, ತಗೊಳ್ಳಲಾ? ದುಡ್ಡು ಯಾವುದು ಒಯ್ಯಬೇಕು? ಅಮ್ಮ ರೈಸ್ ಕುಕ್ಕರ್ ತರುತ್ತೇನೆ ಅಂತ ಹಠ ಮಾಡುತ್ತಿದ್ದಾರೆ.

ಒಂದನೇ ಉತ್ತರದವನು ಮತ್ತೆ:

ಅಡಿಸ್ ಅಂದರೆ ಇಥಿಯೋಪಿಯಾ, ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ, ಲಸಿಕೆ ಕಾರ್ಡ್ ಕೇಳುವ ಸಾಧ್ಯತೆ ಇದೆ. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲಷ್ಟೇ ಕಾರ್ಡ್ ಚಾಲ್ತಿಗೆ ಬರುವುದು. ಅದಕ್ಕಿಂತ ಮುಖ್ಯ, 60 ದಾಟಿದವರಿಗೆ ಈ ಲಸಿಕೆ ಸುಮ್ನೆ ಹಾಕಿಸುವ ಹಾಗಿಲ್ಲ, ಡಾಕ್ಟರನ್ನು ಕೇಳಲೇಬೇಕು. ಅಮ್ಮನಿಗಾಗಿ ಗಲ್ಫ್ ಕಡೆಯಿಂದ ಜೋಹಾನ್ಸ್‌ಬರ್ಗ್, ಅಲ್ಲಿಂದ ವಿಂಡ್‌ಹುಕ್ ಮಾಡಿ, ಲಗೇಜ್ ನೇರ ಹೋಗುವ ಹಾಗೆ ಒಂದೇ ಟಿಕೆಟ್‌ನಲ್ಲಿ. ವೀಸಾ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್‌ಗೆ ದುಡ್ಡು ಕಟ್ಟುವ ಮೊದಲು ದೆಹಲಿಯಲ್ಲಿರುವ ಅವರ ಹೈ ಕಮಿಷನ್ ಕಡೆ ವಿಚಾರಿಸಿ.

ದುಡ್ಡು ದಕ್ಷಿಣ ಆಫ್ರಿಕಾದ ರ‍್ಯಾಂಡ್ ಒಯ್ದರೂ ನಡೆಯುತ್ತದೆ, ನಮೀಬಿಯಾ ಡಾಲರ್‌ಗೆ ಸರಿಸಮ ಬೆಲೆ. ಉಳಿದ ನಮೀಬಿಯಾ ಡಾಲರ್ ಮಾತ್ರ ಹೊರಡುವ ಮೊದಲು ಖರ್ಚು ಮಾಡಿ, ಗಡಿ ದಾಟಿದರೆ ಯಾರೂ ತಗೊಳ್ಳುವುದಿಲ್ಲ.

ಕುಕ್ಕರ್ ತರಲಿ, ಚಿಕ್ಕದಾದರೆ. ಅಲ್ಲಿನ ಗೋಡೆ ಸಾಕೆಟ್ ನಮ್ಮ ಗೀಸರ್‌ಗೆ ಹಾಕುವ ಮೂರು ದಪ್ಪ ಪಿನ್ನಿನದ್ದು, ಆ ಪ್ಲಗ್ ನೇರ ಕೂರುತ್ತದೆ. ಫೋನ್ ಚಾರ್ಜರ್‌ನ ಸಣ್ಣ ಪಿನ್ ಕೂರುವುದಿಲ್ಲ. ನಿಮ್ಮ ಬೀದಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ದೊಡ್ಡ ಪಿನ್ನಿಗೆ ಸಣ್ಣದು ಹಾಕುವ ಕನ್ವರ್ಟರ್ ಸಿಗುತ್ತದೆ, ಎರಡು ತಗೊಂಡು ಬ್ಯಾಗಿಗೆ ಹಾಕಿ. ಏರ್‌ಪೋರ್ಟಿನಲ್ಲಿ ನಾನು ಅದರ ಹತ್ತು ಪಟ್ಟು ಕೊಟ್ಟೆ.