ಅಜ್ಜಿಯ ಡಬ್ಬಿಯ ಚೂರುಪಾರಿನಿಂದ ಚಾರ್ಮ್ ಬ್ರೇಸ್ಲೆಟ್: ಮಾಡಿದವರು ಅನುಭವ ಹೇಳಿ

ಪ್ರಶ್ನೆ, ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ಅಜ್ಜಿಯ ತಗಡಿನ ಡಬ್ಬಿಯಲ್ಲಿ ಸಣ್ಣಪುಟ್ಟ ವಸ್ತುಗಳು ಸಿಕ್ಕಿವೆ. ಒಂಟಿ ಜುಮುಕಿ, ಕಿತ್ತುಹೋದ ಬೆಳ್ಳಿ ಕಾಲ್ಗೆಜ್ಜೆ, ಪುಟ್ಟ ಹಿತ್ತಾಳೆ ಬೀಗದ ಕೈ, ಜಾರ್ಜ್ ದೊರೆಯ ತಲೆ ಇರುವ ಎರಡು ನಾಣ್ಯ, ನಾಲ್ಕೈದು ಬಿಡಿ ಮುತ್ತು. ಇವನ್ನೆಲ್ಲ ಒಂದು ಸರಪಳಿಗೆ ತೂಗುಹಾಕಿ, ಹಳೇ ಕಾಲದ ಚಾರ್ಮ್ ಬ್ರೇಸ್ಲೆಟ್ ಥರ ಮಾಡಿ ತಂಗಿಗೆ ಕೊಡುವ ಆಸೆ. ಬೆಸುಗೆ ಹಾಕಲು ನನಗೆ ಬರುವುದಿಲ್ಲ. ಅವಳಿಗೆ ಗಿಲೀಟಿನ ಒಡವೆ ಹಾಕಿದರೆ ತುರಿಕೆ ಬೇರೆ. ಎಲ್ಲಿಂದ ಶುರು ಮಾಡಲಿ?

ಮೈಸೂರಿನಿಂದ:

ಬೆಸುಗೆ ಬೇಡವೇ ಬೇಡ. ಇದು ಪೂರ್ತಿ ಕೊಂಡಿಗಳ ಕೆಲಸ. ಜನ ಯಾವ ಚಾರ್ಮ್ ಹಾಕೋಣ ಅಂತ ವಾರಗಟ್ಟಲೆ ಯೋಚನೆ ಮಾಡುತ್ತಾರೆ. ಕೊಂಡಿ ಮಾತ್ರ ಕೈಗೆ ಸಿಕ್ಕಿದ್ದು ಹಾಕುತ್ತಾರೆ. ಆಮೇಲೆ ಬಸ್ಸಿನಲ್ಲಿ ಜುಮುಕಿ ಬಿದ್ದುಹೋಯಿತು ಅಂತ ಅಳು!

ಅಂಗಡಿಯಲ್ಲಿ ಜಂಪ್ ರಿಂಗ್ ಅಂತ ಕೇಳಿ, ಒಂದು ಕಡೆ ಸೀಳಿರುವ ಪುಟ್ಟ ತಂತಿ ಉಂಗುರ ಅದು. 5 ಅಥವಾ 6 ಮಿಲಿಮೀಟರ್ ಅಗಲದ್ದು ಸಾಕು. ಅಗಲಕ್ಕಿಂತ ತಂತಿಯ ದಪ್ಪ ಮುಖ್ಯ. 18 ಗೇಜ್ ಅಂದರೆ ಸುಮಾರು 1 ಮಿಲಿಮೀಟರ್ ದಪ್ಪ, 20 ಗೇಜ್ ಅಂದರೆ 0.8. ನಂಬರ್ ಜಾಸ್ತಿಯಾದಷ್ಟೂ ತಂತಿ ಸಣ್ಣ. ಬೀಗದ ಕೈ, ನಾಣ್ಯದಂಥ ಭಾರದ್ದಕ್ಕೆ 18 ಹಾಕಿ, ಮುತ್ತಿಗೆ 20 ಸಾಕು. ಉಗುರಿನಲ್ಲಿ ಒತ್ತಿದರೇ ಬಾಯಿ ಬಿಡುವ ಕೊಂಡಿಯನ್ನು ವಾಪಸ್ ಕೊಟ್ಟುಬಿಡಿ, ಎಷ್ಟೇ ಅಗ್ಗವಾದರೂ.

ತೆರೆಯುವುದಕ್ಕೂ ಒಂದು ಕ್ರಮ ಇದೆ. ಎರಡು ಇಕ್ಕಳ ಬೇಕು, ಒಂದರಲ್ಲಿ ಆಗುವುದಿಲ್ಲ. ಸೀಳು ಮೇಲಕ್ಕೆ ಬರುವಂತೆ ಹಿಡಿದು, ಒಂದು ತುದಿಯನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ತಿರುಗಿಸಿ. ಎಡಕ್ಕೂ ಬಲಕ್ಕೂ ಎಳೆದು ಅಗಲಿಸಿದರೆ ದುಂಡು ಕೆಡುತ್ತದೆ, ಮತ್ತೆ ಸರಿಯಾಗಿ ಕೂರುವುದಿಲ್ಲ. ಮುಚ್ಚುವಾಗ ತುದಿಗಳನ್ನು ಒಂದನ್ನೊಂದು ಸ್ವಲ್ಪ ದಾಟಿಸಿ ಹಿಂದಕ್ಕೆ ತನ್ನಿ, ಎರಡು ಮುಖ ಉಜ್ಜಿಕೊಂಡು ಕೂತದ್ದು ಕೈಗೇ ಗೊತ್ತಾಗುತ್ತದೆ. ಅನುಮಾನ ಇದ್ದರೆ ಹೊಲಿಗೆ ದಾರವನ್ನು ಸೀಳಿನ ಮೇಲೆ ಎಳೆದು ನೋಡಿ. ದಾರ ನುಸುಳಿ ಹೊರಬಂದರೆ ಇನ್ನೂ ಮುಚ್ಚಿಲ್ಲ ಅಂತ ಅರ್ಥ. ಹಾರ್ಡ್‌ವೇರ್ ಅಂಗಡಿಯ ಇಕ್ಕಳಕ್ಕೆ ಹಲ್ಲು ಇರುತ್ತದೆ, ಬೆಳ್ಳಿ ಮೇಲೆ ಗೀರು ಬೀಳುತ್ತದೆ. ಅದೇ ಇದ್ದರೆ ಬಾಯಿಗೆ ಟೇಪ್ ಸುತ್ತಿಕೊಳ್ಳಿ.

ಮುತ್ತಿಗೆ ತಲೆ ಇರುವ ಪಿನ್ ಸಿಗುತ್ತದೆ, ಅದನ್ನು ಮುತ್ತಿನ ತೂತಿನಲ್ಲಿ ತೂರಿಸಿ. ಪಿನ್ ತುದಿಯನ್ನು ಸುಮ್ನೆ ಬಗ್ಗಿಸಿ ಬಿಡಬೇಡಿ. ಉಂಗುರ ಮಾಡಿದ ಮೇಲೆ ಉಳಿದ ತಂತಿಯನ್ನು ಅದರ ಬುಡಕ್ಕೆ ಎರಡು ಮೂರು ಸುತ್ತು ಹಾಕಿ ಕತ್ತರಿಸಿ. ಆಗ ಎಳೆದರೂ ಬಿಚ್ಚುವುದಿಲ್ಲ.

ಸರಪಳಿಯನ್ನು ಮೇಜಿನ ಮೇಲೆ ನುಲಿ ಇಲ್ಲದಂತೆ ಚಪ್ಪಟೆಯಾಗಿ ಹಾಸಿ, ಎಲ್ಲವನ್ನೂ ಒಂದೇ ಅಂಚಿಗೆ ಹಾಕಿ. ಭಾರದ್ದು ಮಧ್ಯಕ್ಕೆ. ಕೊಕ್ಕೆಯ ಎರಡೂ ಬದಿ ಒಂದೊಂದು ಇಂಚು ಖಾಲಿ ಬಿಡಿ, ಇಲ್ಲದಿದ್ದರೆ ಬರೆಯುವಾಗ, ಟೈಪ್ ಮಾಡುವಾಗ ಎಲ್ಲ ಮೇಜಿಗೆ ಬಡಿಯುತ್ತದೆ. ಮಣಿಕಟ್ಟಿನ ಅಳತೆಗಿಂತ ಎರಡು ಸೆಂಟಿಮೀಟರ್ ಉದ್ದ ಇರಲಿ.

ಹುಬ್ಬಳ್ಳಿಯಿಂದ:

ನಮ್ಮ ತಂದೆಯವರದು ಬೆಳ್ಳಿ ಕೆಲಸ. ಅವರು ಮೊದಲು ಹೇಳುವ ಮಾತು, ತಿಕ್ಕಬೇಡಿ. ನಿಮ್ಮ ಕೈಗೆ ಹಳೇದೇ ಸಿಕ್ಕಿದೆ, ಅದನ್ನು ಹುಣಸೆಹಣ್ಣು ಹಾಕಿ ಫಳಫಳ ಮಾಡಿ, ಆಮೇಲೆ ಹಳೇ ಕಾಲದ ಹಾಗೆ ಕಾಣಬೇಕು ಅಂದರೆ ಹೇಗೆ? ಕಾಲ್ಗೆಜ್ಜೆಯನ್ನು ಅಂಟುವಾಳದ ನೀರಿನಲ್ಲಿ ನೆನೆಸಿ ಮೆತ್ತನೆಯ ಬ್ರಷ್ಷಿನಲ್ಲಿ ಕೊಳೆ ತೆಗೆಯಿರಿ, ಕಪ್ಪು ಇರಲಿ. ಮುತ್ತಿಗಂತೂ ಹುಣಸೆ, ನಿಂಬೆ ಸೋಕಿಸಲೇಬೇಡಿ. ಹುಳಿಗೆ ಮುತ್ತಿನ ಹೊಳಪು ಹೋಗುತ್ತದೆ.

ಹೊಸ ಬೆಳ್ಳಿ ಕೊಂಡಿ ಮಾತ್ರ ಬೆಳ್ಳಗೆ ಎದ್ದು ಕಾಣುತ್ತದೆ ಅಲ್ವಾ, ಅದಕ್ಕೆ ಬೇಯಿಸಿದ ಮೊಟ್ಟೆ. ಬಿಸಿ ಇರುವಾಗಲೇ ಸಿಪ್ಪೆ ಸುಲಿದು, ಎರಡು ಹೋಳು ಮಾಡಿ ಮುಚ್ಚಳದ ಡಬ್ಬಿಯಲ್ಲಿಡಿ. ಪಕ್ಕದಲ್ಲಿ, ಮೊಟ್ಟೆಗೆ ತಾಗದ ಹಾಗೆ, ಬೆಳ್ಳಿ ಇಡಿ. ಮೊಟ್ಟೆಯಿಂದ ಬರುವ ಗಂಧಕದ ಆವಿಗೆ ಬೆಳ್ಳಿ ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪು. ಬೇಕಾದ ಬಣ್ಣ ಬಂದಾಗ ತೆಗೆದು ತೊಳೆದು, ಬಟ್ಟೆಯಲ್ಲಿ ಉಬ್ಬು ಭಾಗವನ್ನಷ್ಟೇ ಒರೆಸಿ. ತಗ್ಗಿನಲ್ಲಿ ಕಪ್ಪು, ಉಬ್ಬಿನಲ್ಲಿ ಹೊಳಪು. ನಿಜವಾಗಿ ಹಳೇದಾದ ಒಡವೆ ಕಾಣುವುದೇ ಹೀಗೆ. ಅಂಗಡಿಯ ‘ಆಂಟಿಕ್ ಫಿನಿಶ್’ ಎಲ್ಲ ಕಡೆ ಒಂದೇ ಸಮ ಕಪ್ಪು, ನನಗಂತೂ ಅದು ಮಸಿ ಬಳಿದಂತೆ ಕಾಣುತ್ತದೆ. ತಾಮ್ರಕ್ಕೂ ಈ ಉಪಾಯ ನಡೆಯುತ್ತದೆ, ಹಿತ್ತಾಳೆಗೆ ಅಷ್ಟಾಗಿ ಇಲ್ಲ. (ಮನೆಯಲ್ಲಿ ಮಡಿ ಇದ್ದರೆ ತಾರಸಿಗೆ ಹೋಗಿ. ವಾಸನೆಯೂ ಕಡಿಮೆ ಏನಲ್ಲ.)

ತುರಿಕೆ ವಿಷಯ. ಜರ್ಮನ್ ಸಿಲ್ವರ್ ಕೊಳ್ಳಬೇಡಿ. ಹೆಸರಲ್ಲಿ ಮಾತ್ರ ಸಿಲ್ವರ್, ಒಳಗೆ ತಾಮ್ರ, ಸತು, ನಿಕ್ಕಲ್. ಗಿಲೀಟಿನ ಒಡವೆಗೆ ಚರ್ಮ ತುರಿಸುವುದು ಹೆಚ್ಚಾಗಿ ಈ ನಿಕ್ಕಲ್‌ನಿಂದಲೇ. ನೇಲ್ ಪಾಲಿಶ್ ಬಳಿದರೆ ಸರಿಹೋಗುತ್ತದೆ ಅನ್ನುತ್ತಾರೆ, ಅದು ಸವೆದ ದಿನ ಮತ್ತೆ ಅದೇ ಕಥೆ. ಸರಪಳಿ, ಕೊಂಡಿ, ಕೊಕ್ಕೆ ಮೂರೂ 925 ಬೆಳ್ಳಿಯದೇ (ನೂರಕ್ಕೆ 92.5 ಭಾಗ ಬೆಳ್ಳಿ) ಇರಲಿ.

ಇಂಗ್ಲೆಂಡಿನ ಲೆಸ್ಟರ್‌ನಿಂದ:

ಇಲ್ಲಿ ಚಾರಿಟಿ ಅಂಗಡಿಗಳಲ್ಲಿ ಹಳೇ ಚಾರ್ಮ್ ಹುಡುಕುವುದು ನನ್ನ ಚಟ. ಈ ಬ್ರೇಸ್ಲೆಟ್‌ಗೆ ಫ್ಯಾಷನ್ ಕೊಟ್ಟವರಲ್ಲಿ ವಿಕ್ಟೋರಿಯಾ ರಾಣಿ ಮುಖ್ಯ. 1861ರಲ್ಲಿ ಗಂಡ ಆಲ್ಬರ್ಟ್ ಸತ್ತ ಮೇಲೆ ಕೂದಲು, ಚಿತ್ರ ಇಟ್ಟ ಲಾಕೆಟ್, ಕಪ್ಪು ಜೆಟ್ ಕಲ್ಲಿನ ಶೋಕದ ಒಡವೆಗಳೂ ಚಾಲ್ತಿಗೆ ಬಂದವು. ಮನೆಯವರ ನೆನಪನ್ನು ಕೈಗೆ ಕಟ್ಟಿಕೊಳ್ಳುವುದು ಆಗಿನಿಂದಲೂ ಇದೆ, ನಿಮ್ಮ ಡಬ್ಬಿ ಸರಿಯಾದ ಜಾಗಕ್ಕೇ ಹೋಗುತ್ತಿದೆ.

ಇಲ್ಲಿಂದ ಯಾರಾದರೂ ಬೆಳ್ಳಿ ಚಾರ್ಮ್ ತಂದುಕೊಟ್ಟರೆ, ಹಾಲ್‌ಮಾರ್ಕ್ ಇಲ್ಲ ಅಂತ ನಕಲಿ ಅಂದುಕೊಳ್ಳಬೇಡಿ. 7.78 ಗ್ರಾಂಗಿಂತ ಕಡಿಮೆ ತೂಕದ ಬೆಳ್ಳಿಗೆ ಇಲ್ಲಿ ಹಾಲ್‌ಮಾರ್ಕ್ ಕಡ್ಡಾಯವಲ್ಲ.

ಬೆಂಗಳೂರಿನಿಂದ:

ನಾಣ್ಯಕ್ಕೆ ತೂತು ಕೊರೆಯಬೇಡಿ. ಕೊರೆದರೆ ಸಂಗ್ರಹಕಾರರ ಪಾಲಿಗೆ ಅದರ ಬೆಲೆ ಹೋಯಿತು. ಈಗಿನ ನಾಣ್ಯಗಳ ವಿಷಯದಲ್ಲಂತೂ 2011ರ ನಾಣ್ಯ ಕಾಯ್ದೆ ಇದೆ, ಕರಗಿಸುವುದು, ಹಾಳು ಮಾಡುವುದು ಅಪರಾಧ. ಸುತ್ತಲೂ ಕಟ್ಟು ಹಾಕಿ ತಿರುಪಿನಲ್ಲಿ ಬಿಗಿಯುವ ಚೌಕಟ್ಟು ಸಿಗುತ್ತದೆ, ನಾಣ್ಯಕ್ಕೆ ಏನೂ ಆಗುವುದಿಲ್ಲ.

ಡಬ್ಬಿಯ ತಳದಲ್ಲಿ ಹುಲಿಯುಗುರು ಏನಾದರೂ ಸಿಕ್ಕಿದರೆ ದಯವಿಟ್ಟು ಹಾಕಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಜೈಲಿನ ವಿಷಯ. 2023ರಲ್ಲಿ ಟೀವಿ ಷೋ ಸ್ಪರ್ಧಿಯೊಬ್ಬರು ಹುಲಿಯುಗುರಿನ ಪದಕ ಹಾಕಿಕೊಂಡಿದ್ದಕ್ಕೇ ಬಂಧನವಾದದ್ದು ನೆನಪಿದೆಯಲ್ಲ? ‘ಅಜ್ಜನ ಕಾಲದ್ದು’ ಅನ್ನುವ ಮಾತು ನಡೆಯುವುದಿಲ್ಲ.

ಮಂಗಳೂರಿನಿಂದ:

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ? ಇದ್ದರೆ ಹೆಸರು ಊರು ಇಲ್ಲದ ಅಗ್ಗದ ಚಾರ್ಮ್ ಪ್ಯಾಕೆಟ್ ಬೇಡ. 2006ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ನಾಲ್ಕು ವರ್ಷದ ಹುಡುಗ ಬ್ರೇಸ್ಲೆಟ್‌ನ ಚಾರ್ಮ್ ನುಂಗಿ ತೀರಿಕೊಂಡ. ಅದು ಹೆಚ್ಚುಕಮ್ಮಿ ಪೂರ್ತಿ ಸೀಸದ್ದಾಗಿತ್ತು.

ಶಿವಮೊಗ್ಗದಿಂದ, ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ಹುಲಿಯುಗುರು ಇಲ್ಲ, ನೋಡಿದೆ! ಇನ್ನೆರಡೇ ಪ್ರಶ್ನೆ. ಅಜ್ಜಿಯ ಫೋಟೋ ಒಂದು ಹಾಕಬೇಕು, ಹೇಗೆ? ಸಾಮಾನು ಎಲ್ಲಿ ಕೊಳ್ಳಲಿ?

ಮೈಸೂರಿನಿಂದ:

ಮೂಲ ಫೋಟೋ ಕತ್ತರಿಸಬೇಡಿ, ಪ್ರತಿ ತೆಗೆಸಿ. ಲೇಸರ್ ಪ್ರಿಂಟೇ ಆಗಬೇಕು. ಇಂಕ್‌ಜೆಟ್ ಶಾಯಿ ಅಂಟಿನ ತೇವಕ್ಕೆ ಹರಡಿ ಅಜ್ಜಿಯ ಮುಖ ಕಲಸಿಹೋಗುತ್ತದೆ. ಮೇಲೆ ಉಬ್ಬಿ ತಳ ಚಪ್ಪಟೆ ಇರುವ ಗಾಜು, ಅದಕ್ಕೆ ಹೊಂದುವ ತಟ್ಟೆ ಜೊತೆಗೇ ಸಿಗುತ್ತವೆ. ಗಾಜಿನ ತಳಕ್ಕೆ ಒಣಗಿದ ಮೇಲೆ ಪಾರದರ್ಶಕವಾಗುವ ಅಂಟು ಒಂದು ಹನಿ ಹಾಕಿ, ಫೋಟೋ ಇಟ್ಟು ಮಧ್ಯದಿಂದ ಅಂಚಿಗೆ ಒತ್ತಿ, ಗುಳ್ಳೆ ಹೊರಬರಲಿ. ಪೂರ್ತಿ ಒಣಗಿದ ಮೇಲೆ ತಟ್ಟೆಗೆ ಅಂಟಿಸಿ. ಫೆವಿಕ್ವಿಕ್ ಬೇಡ, ಅದರ ಆವಿ ಗಾಜಿನ ಮೇಲೆ ಬಿಳಿ ಮಂಜು ಕೂರಿಸುತ್ತದೆ.

ಬೆಂಗಳೂರಿಗೆ ಹೋಗುವುದಿದ್ದರೆ ಚಿಕ್ಕಪೇಟೆ, ಮಾಮೂಲ್‌ಪೇಟೆ ಕಡೆ ಮಣಿ, ಪಿನ್ನು, ಕೊಕ್ಕೆ ಎಲ್ಲ ಸಿಗುತ್ತದೆ. ಬಣ್ಣ ಬೇಕೆನಿಸಿದರೆ ಚನ್ನಪಟ್ಟಣದ ಅರಗಿನ ಮಣಿ ಒಂದೆರಡು ಸೇರಿಸಿ, ಮರದ್ದಾದ್ದರಿಂದ ತೂಕವೇ ಇರುವುದಿಲ್ಲ. ಬೆಳ್ಳಿ ಕೊಂಡಿ ಮಾತ್ರ ನಿಮ್ಮೂರಿನ ಬೆಳ್ಳಿ ಅಂಗಡಿಯಲ್ಲೇ ಕೇಳಿ. ಕಾಲ್ಗೆಜ್ಜೆ ರಿಪೇರಿಗೆ ಅವರ ಬಳಿ ಇದ್ದೇ ಇರುತ್ತದೆ, ತೂಕಕ್ಕೆ ಕೊಡುತ್ತಾರೆ. ಬೇಕಾದ್ದಕ್ಕಿಂತ ಹತ್ತು ಜಾಸ್ತಿ ತನ್ನಿ.