ವಿದೇಶಕ್ಕೆ ಬಂದು ಅರ್ಧ ವರ್ಷ ಕಳೆದ ಮೇಲೆ ಬೇಸರ ಹೆಚ್ಚುತ್ತಿರುವುದೇಕೆ?

ಪ್ರಶ್ನೆ – ಹೊಸನೆಲ

ಉದ್ಯೋಗದ ನಿಮಿತ್ತ ಪತ್ನಿಯೊಂದಿಗೆ ಬೇರೆ ದೇಶಕ್ಕೆ ಬಂದು ಅರ್ಧ ವರ್ಷ ದಾಟಿದೆ. ಬಂದ ಹೊಸತರಲ್ಲಿ ವಾಸದ ಪರವಾನಗಿ, ಬ್ಯಾಂಕ್ ಖಾತೆ, ಬಾಡಿಗೆ ಮನೆ ಎಂದು ಓಡಾಡುತ್ತಿದ್ದಾಗ ಆಯಾಸವಾಗುತ್ತಿತ್ತೇ ಹೊರತು ಬೇಸರವಾಗುತ್ತಿರಲಿಲ್ಲ. ಆ ಕೆಲಸಗಳೆಲ್ಲ ಮುಗಿದು ಬದುಕು ಒಂದು ಹದಕ್ಕೆ ಬಂದಿದೆ ಎನ್ನುವ ಹೊತ್ತಿಗೆ ಸಣ್ಣಪುಟ್ಟ ವಿಷಯಕ್ಕೂ ಸಿಟ್ಟು ಬರತೊಡಗಿದೆ. ಕಚೇರಿಯ ಸಭೆಯಲ್ಲಿ ಯಾರೋ ಏನೋ ಹೇಳಿ ಎಲ್ಲರೂ ನಕ್ಕಾಗ, ಅರ್ಥವಾಗದಿದ್ದರೂ ಒಂದು ಕ್ಷಣ ತಡವಾಗಿ ನಾನೂ ನಗುತ್ತೇನೆ. ಆ ನಗು ನನಗೇ ಹಿಂಸೆಯಾಗುತ್ತದೆ. ಪತ್ನಿ ಒಳ್ಳೆಯ ಕೆಲಸ ಬಿಟ್ಟು ಬಂದಿದ್ದಾಳೆ, ಅವಳ ವೀಸಾದಲ್ಲಿ ಇಲ್ಲಿ ಉದ್ಯೋಗ ಮಾಡಲು ಅನುಮತಿಯಿಲ್ಲ.

ಇಲ್ಲಿರುವ ನಮ್ಮ ದೇಶದವರಲ್ಲಿ ಕೆಲವರು "ನಮ್ಮವರ ಜೊತೆಗೇ ಇರಿ, ಎಲ್ಲ ಸರಿಹೋಗುತ್ತದೆ" ಎನ್ನುತ್ತಾರೆ; ಇನ್ನು ಕೆಲವರು "ನಮ್ಮವರಿಂದ ದೂರವಿದ್ದರೆ ಮಾತ್ರ ಇಲ್ಲಿ ಬೇರೂರುತ್ತೀರಿ" ಎನ್ನುತ್ತಾರೆ. ಇಬ್ಬರಲ್ಲಿ ಯಾರ ಮಾತು ಸರಿ? ಈ ಹಂತದಲ್ಲಿ ಇಷ್ಟು ಬೇಸರವಾಗುವುದು ಸಹಜವೇ, ಅಥವಾ ಹಿಂದಿರುಗುವುದೇ ಒಳಿತೆಂಬುದರ ಸೂಚನೆಯೇ?

ಉತ್ತರ – ಸಮಾಜಶಾಸ್ತ್ರದ ಓದುಗ

ನೀವು ವಿವರಿಸಿರುವುದು ಹೊಸ ಅನುಭವವೇನಲ್ಲ. ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1954ರಲ್ಲಿ ರಿಯೊ ಡಿ ಜನೈರೊದಲ್ಲಿ ಮಾಡಿದ ಭಾಷಣವೊಂದು 1960ರಲ್ಲಿ ಲೇಖನವಾಗಿ ಪ್ರಕಟವಾದ ಮೇಲೆ ಕಲ್ಚರ್ ಶಾಕ್, ಅಂದರೆ ಪರಕೀಯ ಸಂಸ್ಕೃತಿಯ ನಡುವೆ ಆಗುವ ಆಘಾತ, ಎಂಬ ಮಾತು ಎಲ್ಲೆಡೆ ಹರಡಿತು. ಆತ ಪಟ್ಟಿ ಮಾಡಿದ ಲಕ್ಷಣಗಳನ್ನು ಓದಿದರೆ ಇಂದಿಗೂ ನಗು ಬರುತ್ತದೆ: ಪದೇ ಪದೇ ಕೈ ತೊಳೆಯುವುದು, ಕುಡಿಯುವ ನೀರಿನ ಬಗ್ಗೆ ಅತಿಯಾದ ಚಿಂತೆ, ಎಲ್ಲರೂ ತನ್ನನ್ನು ಮೋಸಗೊಳಿಸುತ್ತಿದ್ದಾರೆಂಬ ಅನುಮಾನ, ಸಣ್ಣ ವಿಳಂಬಕ್ಕೂ ಕೆಂಡವಾಗುವುದು. ಮೊದಲ ಬೆರಗು ಇಳಿದ ಮೇಲೆ ಬರುವ ಹಂತದಲ್ಲಿ ವಿದೇಶೀಯರು ಒಟ್ಟುಗೂಡಿ ಆ ದೇಶವನ್ನೂ ಅದರ ಜನರನ್ನೂ ದೂರುತ್ತಾ ಕೂರುತ್ತಾರೆಂದೂ, ಚೇತರಿಕೆ ಶುರುವಾದವರು ದೂರುವುದನ್ನು ಬಿಟ್ಟು ತಮ್ಮ ಪಾಡಿನ ಬಗ್ಗೆ ತಾವೇ ತಮಾಷೆ ಮಾಡತೊಡಗುತ್ತಾರೆಂದೂ ಆತ ಗಮನಿಸಿದ್ದ.

ಅದೇ ಕಾಲದಲ್ಲಿ, 1955ರಲ್ಲಿ, ಸ್ವೆರ್ರೆ ಲೀಸ್‌ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕಕ್ಕೆ ಹೋಗಿ ಬಂದ ನಾರ್ವೆಯ ಫುಲ್‌ಬ್ರೈಟ್ ವಿದ್ಯಾರ್ಥಿವೇತನದವರನ್ನು ಅಧ್ಯಯನ ಮಾಡಿದ. ಅಲ್ಲಿ 6 ತಿಂಗಳಿಗಿಂತ ಕಡಿಮೆ ಇದ್ದವರಿಗಿಂತಲೂ 18 ತಿಂಗಳಿಗಿಂತ ಹೆಚ್ಚು ಇದ್ದವರಿಗಿಂತಲೂ, ಇವೆರಡರ ನಡುವಿನ ಅವಧಿ ಕಳೆದವರೇ ಕಡಿಮೆ ಹೊಂದಿಕೊಂಡಿದ್ದರು. ಇದನ್ನು ರೇಖೆಯಾಗಿ ಎಳೆದರೆ ಇಂಗ್ಲಿಷ್ 'ಯು' ಅಕ್ಷರದಂತೆ ಕಾಣುತ್ತದೆ; ಆ ಲೆಕ್ಕದಲ್ಲಿ ನೀವೀಗ ಅದರ ತಗ್ಗಿನಲ್ಲಿದ್ದೀರಿ.

ಉತ್ತರ – ಬಹುಕಾಲದ ವಲಸಿಗೆ

ಮೇಲಿನ ವಿವರಣೆ ಸಮಾಧಾನ ಕೊಡುತ್ತದೆ, ಆದರೆ ಆ ಇಂಗ್ಲಿಷ್ 'ಯು' ಅಕ್ಷರದಂಥ ರೇಖೆಯನ್ನು ಪಂಚಾಂಗದಂತೆ ನಂಬಬೇಡಿ. ಲೀಸ್‌ಗಾರ್ಡ್ ಒಬ್ಬೊಬ್ಬರನ್ನೂ ತಿಂಗಳುಗಟ್ಟಲೆ ಹಿಂಬಾಲಿಸಿ ನೋಡಲಿಲ್ಲ, ಬೇರೆ ಬೇರೆ ಅವಧಿ ಕಳೆದ ಬೇರೆ ಬೇರೆ ಜನರನ್ನು ಹೋಲಿಸಿದ. ನ್ಯೂಜಿಲೆಂಡಿಗೆ ಬಂದ ಜಪಾನಿ ವಿದ್ಯಾರ್ಥಿಗಳನ್ನು ಮನೋವಿಜ್ಞಾನಿ ಕಾಲೀನ್ ವಾರ್ಡ್ ಮತ್ತು ಸಂಗಡಿಗರು ಬಂದಾಗಿನಿಂದಲೇ ಗಮನಿಸುತ್ತಾ ಹೋದಾಗ ಅತಿ ಹೆಚ್ಚು ಕಷ್ಟ ಕಂಡದ್ದು ಆರಂಭದಲ್ಲೇ. ಆ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಹಾಗಾಗಿ ಸುಮ್ಮನೆ ದಿನ ಕಳೆದರೆ ರೇಖೆ ತಾನಾಗಿಯೇ ಮೇಲೇರುತ್ತದೆಂದು ಕಾಯುವುದು ಸರಿಯಲ್ಲ.

ನಿಮ್ಮ ಪ್ರಶ್ನೆಗೆ ನಿಜವಾಗಿ ನೆರವಾಗುವುದು ವಾರ್ಡ್ ಅವರ ಇನ್ನೊಂದು ವಿಚಾರ. ಹೊಂದಿಕೊಳ್ಳುವುದೆಂದರೆ ಒಂದೇ ಸಂಗತಿಯಲ್ಲ. ಮನಸ್ಸಿನ ನೆಮ್ಮದಿ ಒಂದು. ಆ ಸಮಾಜದಲ್ಲಿ ಎಡವದೆ ವ್ಯವಹರಿಸುವ ಕೌಶಲ ಇನ್ನೊಂದು. ಮೊದಲನೆಯದಕ್ಕೆ ಆಸರೆಯಾಗುವ ಜನ ಬೇಕು. ಎರಡನೆಯದು ಮುಖ್ಯವಾಗಿ ಭಾಷೆಯಿಂದಲೂ ಸ್ಥಳೀಯರೊಂದಿಗಿನ ಒಡನಾಟದಿಂದಲೂ ಬೆಳೆಯುತ್ತದೆ. ನಿಮಗೆ ಎರಡು ವಿರುದ್ಧ ಸಲಹೆ ಕೊಟ್ಟವರು ಈ ಎರಡರಲ್ಲಿ ಒಂದೊಂದನ್ನೇ ಹಿಡಿದು ಮಾತನಾಡುತ್ತಿದ್ದಾರೆ. ನಮ್ಮವರೊಂದಿಗೆ ಬೆರೆಯಿರಿ, ಆದರೆ ಆ ಕೂಟ ಓಬರ್ಗ್ ಕಂಡ ದೂರಿನ ಕೂಟವೋ, ಪರಸ್ಪರ ನೆರವಿನ ಕೂಟವೋ ಎಂಬುದನ್ನು ನೋಡಿಕೊಳ್ಳಿ. ಅಲ್ಲಿಂದ ಮನೆಗೆ ಬಂದಾಗ ಮನಸ್ಸು ಹಗುರವಾಗಿದೆಯೋ, ಹೋದದ್ದಕ್ಕಿಂತ ಹೆಚ್ಚು ಕಹಿಯಾಗಿದೆಯೋ ಎಂಬುದರಲ್ಲೇ ಅದು ಗೊತ್ತಾಗುತ್ತದೆ.

ಸಭೆಯ ನಗುವಿನ ಬಗ್ಗೆ ಒಂದು ಮಾತು. ಹಾಸ್ಯ ಅರ್ಥವಾಗುವುದು ಭಾಷಾ ಕಲಿಕೆಯ ಬಹಳ ಮುಂದಿನ ಹಂತ, ಏಕೆಂದರೆ ಅದರಲ್ಲಿ ಅರ್ಧ ಭಾಗ ನೀವು ಅಲ್ಲಿ ಇಲ್ಲದ ವರ್ಷಗಳ ನೆನಪಾಗಿರುತ್ತದೆ. ತಡವಾಗಿ ನಗುವ ಬದಲು ಸಭೆ ಮುಗಿದ ಮೇಲೆ ಪಕ್ಕದವರನ್ನು ಅದೇನೆಂದು ಕೇಳಿ. ಹೆಚ್ಚಿನವರು ಉತ್ಸಾಹದಿಂದ ವಿವರಿಸುತ್ತಾರೆ, ಮತ್ತು ಎಷ್ಟೋ ಪರಿಚಯಗಳು ಇಂಥ ಒಂದು ಪ್ರಶ್ನೆಯಿಂದಲೇ ಬೆಳೆಯುತ್ತವೆ.

ಉತ್ತರ – ಜೊತೆಗೆ ಬಂದವಳು

ಇಷ್ಟೆಲ್ಲ ಚರ್ಚೆಯಲ್ಲಿ ಪತ್ನಿಯ ವಿಷಯವನ್ನು ಯಾರೂ ಮುಟ್ಟಲಿಲ್ಲ. ನಿಮಗೆ ಕಚೇರಿಯಿದೆ, ಹುದ್ದೆಯಿದೆ, ಬೆಳಗಾದರೆ ಹೋಗಲೊಂದು ಜಾಗವಿದೆ. ಅವಳ ದಿನದಲ್ಲಿ ಇವು ಯಾವುವೂ ಇಲ್ಲ. ವಿದೇಶದ ಸಂಪರ್ಕವೆಂದರೆ ಕರೆಗಂಟೆ ಒತ್ತಿದವರಿಗೆ ಅರ್ಧಂಬರ್ಧ ಭಾಷೆಯಲ್ಲಿ ಉತ್ತರ ಕೊಡುವುದು, ಅರ್ಥವಾಗದ ಸರ್ಕಾರಿ ಪತ್ರವನ್ನು ನೀವು ಬರುವ ತನಕ ಮೇಜಿನ ಮೇಲೆ ಇಟ್ಟುಕೊಳ್ಳುವುದು. 1980ರ ದಶಕದ ಆರಂಭದಲ್ಲಿ ನಿರ್ವಹಣಾ ವಿಷಯದ ಸಂಶೋಧಕಿ ರೊಸಾಲಿ ಟಂಗ್ ಅಮೆರಿಕದ ಕಂಪನಿಗಳನ್ನು ವಿಚಾರಿಸಿದಾಗ, ವಿದೇಶಕ್ಕೆ ಕಳುಹಿಸಿದ ನೌಕರರು ವಿಫಲರಾಗಲು ಅವು ಮುಂದಿಟ್ಟ ಮೊದಲ ಕಾರಣ ಬಾಳಸಂಗಾತಿ ಹೊಂದಿಕೊಳ್ಳಲಾಗದಿದ್ದುದೇ ಆಗಿತ್ತು, ನೌಕರರ ಕೆಲಸದ ಸಾಮರ್ಥ್ಯವಲ್ಲ.

ಅವಳ ವೀಸಾದ ವರ್ಗ ಬದಲಿಸಲು ಅವಕಾಶವಿದೆಯೇ, ಓದಲು ಅನುಮತಿಯಿದೆಯೇ ಎಂದು ಮೊದಲು ತಿಳಿದುಕೊಳ್ಳಿ. ಅವಳ ಪದವಿಗೆ ಅಲ್ಲಿ ಮಾನ್ಯತೆ ಪಡೆಯುವ ಅರ್ಜಿಯನ್ನು, ಉದ್ಯೋಗದ ಅನುಮತಿ ಸಿಗುವ ಮೊದಲೇ, ಈಗಲೇ ಶುರು ಮಾಡಿ. ಎರಡೂ ದೇಶಗಳು 1961ರ ಹೇಗ್ ಅಪೋಸ್ಟಿಲ್ ಒಪ್ಪಂದದಲ್ಲಿದ್ದರೆ (ಒಂದು ದೇಶ ದೃಢೀಕರಿಸಿದ ದಾಖಲೆಯನ್ನು ಇನ್ನೊಂದು ದೇಶ ಒಪ್ಪುವ ಏರ್ಪಾಡು) ಪ್ರಮಾಣಪತ್ರಗಳ ದೃಢೀಕರಣವಾದರೂ ಸುಲಭವಾಗುತ್ತದೆ. ಭಾಷಾ ತರಗತಿಗೆ ಅವಳೇ ಮೊದಲು ಸೇರಲಿ. ಮನೆಗೆ ಸಂಬಂಧಿಸಿದ ಒಂದೆರಡು ಹೊಣೆಗಳನ್ನು, ಪತ್ರವ್ಯವಹಾರವೂ ಸೇರಿದಂತೆ, ಸಹಾಯ ಮಾಡುವ ನೆಪದಲ್ಲಿ ಅವಳ ಕೈಯಿಂದ ಕಸಿದುಕೊಳ್ಳಬೇಡಿ.

ಹೊಸನೆಲ

ಎಲ್ಲರಿಗೂ ಧನ್ಯವಾದಗಳು. ಪತ್ನಿಗೆ ಈ ಉತ್ತರಗಳನ್ನು ಓದಲು ಕೊಟ್ಟೆ. ಕೊನೆಯದನ್ನು ಅವಳು ಎರಡು ಸಲ ಓದಿದಳು. ಇನ್ನೊಂದು ಪ್ರಶ್ನೆ: ಕೆಲವು ವಾರ ಸ್ವದೇಶಕ್ಕೆ ಹೋಗಿ ಬಂದು, ಆಮೇಲೆ ಹಿಂದಿರುಗುವ ವಿಚಾರ ನಿರ್ಧರಿಸಿದರೆ ಹೇಗೆ?

ಉತ್ತರ – ಬಹುಕಾಲದ ವಲಸಿಗೆ

ಹೋಗಿ ಬನ್ನಿ, ಆದರೆ ರಜೆಯ ದಿನಗಳನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ರಜೆಯಲ್ಲಿ ಹೋದವರಿಗೆ ಸ್ವದೇಶದ ಕಚೇರಿ, ಸಂಚಾರ, ದಿನದಿನದ ಜಂಜಾಟ ಯಾವುದೂ ತಟ್ಟುವುದಿಲ್ಲ. ಪೂರ್ತಿ ಹಿಂದಿರುಗಿದವರಿಗೆ ಮತ್ತೊಂದು ಸುತ್ತಿನ ಹೊಂದಾಣಿಕೆ ಕಾದಿರುತ್ತದೆಂದು ಸಂಶೋಧಕರಾದ ಗುಲ್ಲಾಹಾರ್ನ್ ದಂಪತಿ 1963ರಲ್ಲೇ ತೋರಿಸಿದ್ದರು. ಹೊರಡುವ ಮೊದಲೇ ಇಬ್ಬರೂ ಬೇರೆ ಬೇರೆ ಕೂತು, ಏನು ಬದಲಾದರೆ ಇಲ್ಲಿ ಉಳಿಯಲು ಒಪ್ಪುವಿರಿ ಎಂದು ಬರೆದಿಡಿ, ಮರಳಿ ಬಂದು ಒಂದು ತಿಂಗಳು ಕಳೆದ ಮೇಲೆ ತೆರೆದು ನೋಡಿ. ಪತ್ನಿಯ ಮೂಲ ಪ್ರಮಾಣಪತ್ರಗಳು ಅಲ್ಲೇ ಇದ್ದರೆ, ಅವುಗಳ ದೃಢೀಕರಣವನ್ನು ಆ ವಾರಗಳಲ್ಲೇ ಮುಗಿಸಿಕೊಂಡು ಬನ್ನಿ.